ಐನೂರು ಮೊಳದ ಬೆಂಕಿ

ನಾನು ಒಂದು ತೆಂಗಿನ ನಾರಿನ ಹಗ್ಗ. ಹುಟ್ಟಿದಾಗ ಐನೂರು ಮೊಳ ಇದ್ದೆ. ಈಗ ಮೂರು ಮೊಳಕ್ಕೂ ಚೂರು ಕಡಿಮೆ. ಉಳಿದದ್ದನ್ನು ಜನ ಸೇದಿಬಿಟ್ಟರು ಎನ್ನಬಹುದೇ? ಅದು ಸರಿಯಾದ ಮಾತಲ್ಲ. ಅವರು ಸೇದಿದ್ದು ಸಿಗರೇಟನ್ನು. ನಾನು ಬೆಂಕಿಯನ್ನಷ್ಟೇ ಕೊಟ್ಟೆ. ಇವೆರಡರ ನಡುವೆ ಎಷ್ಟು ದೂರವಿದೆ ಎಂಬುದು ನನಗೆ ಇನ್ನೂ ಬಗೆಹರಿದಿಲ್ಲ.

ತಿಪಟೂರಿನ ಹತ್ತಿರದ ಒಂದು ನಾರಿನ ಷೆಡ್ಡಿನಲ್ಲಿ ನನ್ನನ್ನು ಹೊಸೆದವಳು ರಂಗಮ್ಮ. ಸೊಂಟಕ್ಕೆ ನಾರಿನ ಕಂತೆ ಕಟ್ಟಿಕೊಂಡು, ತಿರುಗುವ ರಾಟೆಯಿಂದ ಹಿಂದಕ್ಕೆ ಹಿಂದಕ್ಕೆ ನಡೆಯುತ್ತ ಹೊಸೆದಳು. ಸುರುಳಿ ಸುತ್ತಿ ಮುಗಿಸಿದಾಗ ತಟ್ಟಿ ಹೇಳಿದಳು: "ಬಾವಿಗೆ ಬೀಳ್ತೀಯೋ, ಹಸು ಕಟ್ತೀಯೋ, ಎಲ್ಲಾದ್ರೂ ಬಾಳ್ಕೊ ಹೋಗಪ್ಪ." ನಾನು ಬಾವಿಯನ್ನೂ ನೋಡಲಿಲ್ಲ, ಹಸುವನ್ನೂ ನೋಡಲಿಲ್ಲ. ಅರಸೀಕೆರೆಯಲ್ಲಿ ಬಸ್‌ಸ್ಟ್ಯಾಂಡಿನ ಗೇಟಿನಾಚೆ ಗೂಡಂಗಡಿ ಇಟ್ಟಿರುವ ಸಿದ್ದಯ್ಯ ನನ್ನನ್ನು ಕೊಂಡ.

ಆತ ಸುರುಳಿಯನ್ನು ಅಂಗಡಿಯ ಸೂರಿನ ಮೊಳೆಗೆ ತೂಗುಹಾಕಿ, ಒಂದು ತುದಿಯನ್ನು ಕಂಬದ ಪಕ್ಕ ಇಳಿಬಿಟ್ಟ. ಗಿರಾಕಿಗಳು ಸಿಗರೇಟು ಹಚ್ಚಿಕೊಳ್ಳಲೆಂದು ಆ ತುದಿಗೆ ಕಡ್ಡಿ ಗೀರಿದ. ಉರಿ ಏಳಲಿಲ್ಲ. ಕೆಂಪಗೆ ಕಣ್ಣು ಬಿಟ್ಟು, ಸಣ್ಣಗೆ ಹೊಗೆಯಾಡತೊಡಗಿದೆ. ದಿನಕ್ಕೆ ಎರಡು ಮೊಳ ಸವೆಯುತ್ತಿದ್ದೆ. ಸಂಜೆ ಆತ ತುದಿಯನ್ನು ಮರಳಿನ ಡಬ್ಬಿಗೆ ಒತ್ತಿ ಆರಿಸುತ್ತಿದ್ದ.

ಇಲ್ಲೊಂದು ಮಾತನ್ನು ಮೊದಲೇ ಹೇಳಿಬಿಡಬೇಕು. ನೋಡುತ್ತಿದ್ದದ್ದು ಕೆಳಗಿನ ತುದಿ, ಅದು ಉರಿದುಹೋಗಿದೆ. ಉಳಿದಿರುವ ನಾನು ಮೇಲೆ ಸುರುಳಿಯಲ್ಲಿದ್ದೆ, ಕೇಳಿಸಿಕೊಂಡದ್ದಷ್ಟೇ. ಆದ್ದರಿಂದ ಒಂದನ್ನು ಬಿಟ್ಟು ಉಳಿದದ್ದೆಲ್ಲ ಕಿವಿಯ ಸಾಕ್ಷಿ.

ಅಂಗಡಿಗೆ ಬರುತ್ತಿದ್ದವರು ಪ್ಯಾಕೆಟ್ ಕೇಳುತ್ತಿರಲಿಲ್ಲ, ಒಂದೊಂದೇ ಕೇಳುತ್ತಿದ್ದರು. ಬಿಡಿ ಸಿಗರೇಟು ಮಾರಕೂಡದೆಂಬ ಸರ್ಕಾರದ ಆದೇಶ ಸಿದ್ದಯ್ಯನಿಗೆ ಗೊತ್ತಿತ್ತು. ಅದಕ್ಕೇ ಸಿಗರೇಟಿನ ಡಬ್ಬಿಯನ್ನು ಕಡಲೆಮಿಠಾಯಿಯ ಹಿಂದೆ ಇಟ್ಟಿದ್ದ. ಪ್ಯಾಕೆಟ್ಟಿನ ಮೇಲಿರುವ ಎಚ್ಚರಿಕೆಯ ಚಿತ್ರ ಅದರ ಬಹುಪಾಲನ್ನು ಆವರಿಸಿರುತ್ತದಂತೆ. ಬಿಡಿ ಕೊಳ್ಳುವವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಒಮ್ಮೆ ಆರೋಗ್ಯ ಇಲಾಖೆಯವರು ಬಂದು ನನ್ನ ಬಗ್ಗೆ ಕೇಳಿದರು.

"ಇದೇನ್ರೀ?"

"ಊದುಬತ್ತಿ ಹಚ್ಚೋಕೆ ಸಾರ್."

"ದಿನಕ್ಕೆ ಎಷ್ಟು ದೇವರಿಗೆ ಪೂಜೆ ಮಾಡ್ತೀರಿ?"

ಅವರು ಎಚ್ಚರಿಸಿ ಹೋದರು. ನಾನು ಹೊಗೆಯಾಡುತ್ತಲೇ ಇದ್ದೆ. ನಿಜವಾಗಿ ನಾನು ಯಾವುದಕ್ಕೆ ಇದ್ದೇನೆ ಎಂಬ ಗೊಂದಲ ನನಗೆ ಹತ್ತಿದ್ದು ಅಂದಿನಿಂದ.

ಯೋಗಾನಂದ ಅವರನ್ನು ನಾನು ಮೊದಲು ಅರಿತದ್ದು ಧ್ವನಿಯಾಗಿ. ಬಸ್‌ಸ್ಟ್ಯಾಂಡಿನ ಮೈಕಿನಲ್ಲಿ ಬಸ್ಸುಗಳನ್ನು ಕೂಗುತ್ತಿದ್ದವರು ಅವರು. "ಪ್ರಯಾಣಿಕರ ಗಮನಕ್ಕೆ. ಹುಳಿಯಾರು ಮಾರ್ಗವಾಗಿ ಹಿರಿಯೂರಿಗೆ ಹೋಗುವ ವಾಹನ ಮೂರನೇ ಅಂಕಣದಲ್ಲಿ ನಿಂತಿದೆ." ತುಂಬಿದ ಕೊಡದಂಥ ಧ್ವನಿ. ಎರಡು ಬಸ್ಸುಗಳ ನಡುವಿನ ಬಿಡುವಿನಲ್ಲಿ ಅದೇ ಧ್ವನಿ ಗೇಟು ದಾಟಿ ಅಂಗಡಿಯ ಮುಂದೆ ಬಂದು, "ಸಿದ್ದಯ್ಯ, ಒಂದು" ಎನ್ನುತ್ತಿತ್ತು. ಹಚ್ಚಿಕೊಳ್ಳುವ ಮೊದಲು ಅವರು ನನ್ನ ತುದಿಯ ಬೂದಿಯನ್ನು 'ಉಫ್' ಎಂದು ಊದುತ್ತಿದ್ದರು. ನಾನು ಕೆಂಪೇರುತ್ತಿದ್ದೆ. ಅಷ್ಟು ಗಟ್ಟಿಯಾದ ಉಸಿರು ಬೇರೆ ಯಾರದೂ ಇರಲಿಲ್ಲ.

ಒಂದು ದಿನ ಅವರ ಹೆಂಡತಿ ವನಜಾಕ್ಷಿ ನೇರ ಅಂಗಡಿಗೆ ಬಂದರು.

"ಸಿದ್ದಯ್ಯ, ನಮ್ಮನೆಯವರು ಸೇದೋದು ಬಿಟ್ಟಿದಾರಂತೆ, ಹೌದಾ?"

ಸಿದ್ದಯ್ಯ ಮಿಠಾಯಿ ಡಬ್ಬಿಯ ಮುಚ್ಚಳ ತಿರುಗಿಸುತ್ತ ನಿಂತ. ಅಷ್ಟರಲ್ಲಿ ಯೋಗಾನಂದರೇ ಬಂದರು.

"ಬಿಟ್ಟಿದೀನಿ ಅಂದಮೇಲೆ ಬಿಟ್ಟಿದೀನಿ. ಜೇಬು ನೋಡು. ಪ್ಯಾಕೆಟ್ ಇದೆಯಾ? ಬೆಂಕಿಪೊಟ್ಟಣ ಇದೆಯಾ?"

"ಜೇಬಲ್ಲಿ ಇಲ್ಲ. ಬಾಯಲ್ಲಿ ಏನಿದೆ ಅಂತ ಕೇಳ್ತಿರೋದು."

"ಜೇಬಲ್ಲಿ ಇಟ್ಕೊಂಡು ಸೇದಿದ್ರೆ ಅದು ಸೇದೋದು ಕಣೇ. ಎಲ್ಲೋ ಒಂದು ಸಿಕ್ಕರೆ, ಅದೊಂದು ಲೆಕ್ಕವೇ?"

ಅವರು ಸುಳ್ಳು ಹೇಳುತ್ತಿದ್ದಾರೆ ಎಂದು ನನಗೆ ಅನ್ನಿಸಲಿಲ್ಲ. ಅವರು ಅದನ್ನು ನಂಬಿದ್ದರು. ಬೆಂಕಿ ತಮ್ಮದಲ್ಲ, ಡಬ್ಬಿ ತಮ್ಮದಲ್ಲ, ಹಾಗಾಗಿ ಚಟವೂ ತಮ್ಮದಲ್ಲ. ಚಟ ಸಿದ್ದಯ್ಯನ ಸೂರಿನಲ್ಲಿ ತೂಗುತ್ತಿತ್ತು. ಅಂದರೆ ನಾನು. ದಿನಕ್ಕೆ ಹತ್ತು ಹನ್ನೆರಡು ಸಲ ಅವರು ನನ್ನ ಬಳಿ ಬರುತ್ತಿದ್ದರು.

ನಾನು ಅಂಗಡಿಗೆ ಬಂದ ಮೂರನೆಯ ತಿಂಗಳಲ್ಲಿ ಮೈಕಿನ ಧ್ವನಿ ಒಡೆಯಿತು. ಪ್ರಯಾಣಿಕರು ದೂರಿದರು: ಹುಳಿಯಾರು ಎಂದರೋ ಹಿರಿಯೂರು ಎಂದರೋ ತಿಳಿಯುವುದಿಲ್ಲ. ಎಲ್ಲರೂ ಮೈಕ್ ಕೆಟ್ಟಿದೆ ಎಂದುಕೊಂಡರು. ಹೊಸ ಮೈಕ್ ಬಂತು, ಗೊರಗೊರ ಹೋಗಲಿಲ್ಲ. ವೈರು ಬದಲಾಯಿತು, ಹೋಗಲಿಲ್ಲ. ಕಂಬದ ಮೇಲಿನ ಧ್ವನಿವರ್ಧಕವನ್ನೇ ಬದಲಾಯಿಸಿದರು. ಇವೆಲ್ಲಕ್ಕೂ ಎರಡು ತಿಂಗಳು ಹಿಡಿಯಿತು. ನನಗೆ ಮಾತ್ರ ವಿಚಿತ್ರವೆನಿಸುತ್ತಿತ್ತು. ಮೈಕ್ ಇಲ್ಲದ ಅಂಗಡಿಯ ಮುಂದೆಯೂ "ಸಿದ್ದಯ್ಯ, ಒಂದು" ಎಂಬ ಮಾತು ಅದೇ ಗೊರಗೊರದಲ್ಲಿ ಬರುತ್ತಿತ್ತು. ಹೇಳಲು ನನಗೆ ಬಾಯಿಲ್ಲ. ಸಿದ್ದಯ್ಯನಿಗೆ ಬಾಯಿತ್ತು.

"ಸಾರ್, ಗಂಟ್ಲು ತೋರಿಸಿ."

"ಥಂಡಿ ಕಣಯ್ಯ. ಮೆಣಸಿನ ಕಷಾಯ ಕುಡೀತಿದೀನಿ. ಕೊಡು ಒಂದು."

ಸಿದ್ದಯ್ಯ ಕೊಟ್ಟ. ನಾನೂ ಕೊಟ್ಟೆ.

ಕೊನೆಗೆ ವನಜಾಕ್ಷಿಯೇ ಅವರನ್ನು ತಾಲ್ಲೂಕು ಆಸ್ಪತ್ರೆಗೆ ಎಳೆದೊಯ್ದರು. ಅಲ್ಲಿಯ ವೈದ್ಯರು ಹೇಳಿದ್ದನ್ನು ಒಬ್ಬ ಕಂಡಕ್ಟರ್ ಅಂಗಡಿಯಲ್ಲಿ ಹೇಳಿದ: ಮೂರು ವಾರ ಮೀರಿ ಧ್ವನಿ ಒಡೆದಿದ್ದರೆ ಕಾಯಬಾರದು, ತೋರಿಸಬೇಕು. ಇವರು ಕಾದದ್ದು ಹತ್ತು ವಾರಕ್ಕೂ ಹೆಚ್ಚು. ದೊಡ್ಡಾಸ್ಪತ್ರೆಯಲ್ಲಿ ಗಂಟಲ ಕ್ಯಾನ್ಸರ್ ಎಂದರಂತೆ. ಧ್ವನಿಪೆಟ್ಟಿಗೆಯನ್ನು ತೆಗೆದರಂತೆ. ಅಂದು ಸಿದ್ದಯ್ಯ ಮಧ್ಯಾಹ್ನದ ಊಟ ಬಿಚ್ಚಲಿಲ್ಲ. ಆದರೂ ಅಂಗಡಿ ನಡೆಯಿತು, ನಾನು ಎರಡು ಮೊಳ ಸವೆದೆ.

ಇನ್ನು ಹೇಳುವುದು ಕಣ್ಣಾರೆ ಕಂಡದ್ದು.

ಸುರುಳಿ ಮುಗಿದು ನಾನು ಬರೀ ನೇತಾಡುವಷ್ಟು ಉಳಿದಿದ್ದೆ. ಒಂದು ಬೆಳಿಗ್ಗೆ ಯೋಗಾನಂದ ಹೆಂಡತಿಯೊಂದಿಗೆ ಬಂದರು. ಕತ್ತಿನ ಮುಂದೆ ತೆಳು ಬಿಳಿ ಬಟ್ಟೆ. ಸಿದ್ದಯ್ಯನ ಕೈ ಅಭ್ಯಾಸಬಲದಿಂದ ಡಬ್ಬಿಯತ್ತ ಹೋಯಿತು, ಅರ್ಧದಲ್ಲೇ ನಿಂತಿತು. ಯೋಗಾನಂದ ಅವನತ್ತ ನೋಡಲಿಲ್ಲ. ನನ್ನ ಬಳಿ ಬಗ್ಗಿದರು. ತುಟಿ ಗುಂಡಗೆ ಮಾಡಿದರು. ಅದೇ ಹಳೆಯ 'ಉಫ್'ಗೆ ನಾನು ಕಾದೆ.

ಗಾಳಿ ಬರಲಿಲ್ಲ. ಕೆನ್ನೆ ಉಬ್ಬಿತು, ತುಟಿ ನಡುಗಿತು, ನನ್ನ ಬೂದಿ ಅಲುಗಲಿಲ್ಲ. ಕತ್ತಿನ ಬಟ್ಟೆ ಮಾತ್ರ ಪಟಪಟನೆ ಹಾರಿತು.

"ಬಾಯಿಂದ ಉಸಿರು ಬರಲ್ಲ ಸಿದ್ದಯ್ಯ. ಕಾಫಿ ಆರಿಸ್ಕೊಳ್ಳೋಕೂ ಊದೋಕಾಗಲ್ಲ. ಕತ್ತಲ್ಲಿ ತೂತು ಮಾಡಿದಾರೆ, ಉಸಿರೆಲ್ಲ ಇಲ್ಲಿಂದ," ಎಂದು ವನಜಾಕ್ಷಿ ತಮ್ಮ ಕತ್ತನ್ನು ಮುಟ್ಟಿ ತೋರಿಸಿದರು.

ಯೋಗಾನಂದ ನನ್ನನ್ನು ಆರಿಸಬೇಕೆಂದಿದ್ದರೋ, ಕೆಂಪಾಗಿಸಬೇಕೆಂದಿದ್ದರೋ? ಊದಿದರೆ ನಾನು ಆರುವುದಿಲ್ಲ, ಇನ್ನಷ್ಟು ಹೊತ್ತುತ್ತೇನೆ. ಅದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸಿದ್ದಯ್ಯ ಇದನ್ನೆಲ್ಲ ಯೋಚಿಸಲಿಲ್ಲ. ನನ್ನ ತುದಿಯನ್ನು ಹಿಡಿದು ಲೋಟ ತೊಳೆಯುವ ಬಕೆಟ್ಟಿಗೆ ಅದ್ದಿದ. ಚುಂಯ್ ಎಂದಿತು.

"ಬೆಂಕಿ?" ಎಂದ ಹಿಂದೆ ನಿಂತಿದ್ದವನು.

"ಇಲ್ಲ, ಹೋಗಯ್ಯ."

ಸಿಗರೇಟಿನ ಡಬ್ಬಿ ಎರಡು ದಿನ ಕಾಣಲಿಲ್ಲ. ಮೂರನೆಯ ದಿನ ಬಂತು, ಪಕ್ಕದಲ್ಲಿ ದಾರ ಕಟ್ಟಿದ ಲೈಟರು. ನನ್ನನ್ನು ಈಗ ಬಾಳೆಗೊನೆ ಕಟ್ಟಲು ಬಳಸುತ್ತಾರೆ. ಕೆಲಸ ಹಗುರವಾಗಿದೆ. ಸುಟ್ಟ ತುದಿ ಕಪ್ಪಗೆ ಹಾಗೇ ಇದೆ.

ಮೈಕಿನಲ್ಲಿ ಈಗ ಹೊಸ ಹುಡುಗಿಯೊಬ್ಬಳ ಧ್ವನಿ. ಯೋಗಾನಂದ ಪಕ್ಕದಲ್ಲಿ ಕುಳಿತು ಬರೆದುಕೊಡುತ್ತಾರಂತೆ, ಅವಳು ಓದುತ್ತಾಳೆ. ಒಮ್ಮೊಮ್ಮೆ ತಪ್ಪುತ್ತಾಳೆ. ಆಗ ಮೇಜನ್ನು ಎರಡು ಸಲ ಕುಟ್ಟಿದ ಸದ್ದು ಮೈಕಿನಲ್ಲಿ ಕೇಳುತ್ತದೆ. "ಕ್ಷಮಿಸಿ. ಹುಳಿಯಾರು ಅಲ್ಲ, ಹಿರಿಯೂರು," ಎಂದು ಅವಳು ತಿದ್ದಿಕೊಳ್ಳುತ್ತಾಳೆ.

ಆ ಕುಟ್ಟು ಕೇಳಿದಾಗಲೆಲ್ಲ ನನ್ನ ಕಪ್ಪು ತುದಿ ಅವರ ಉಸಿರಿಗಾಗಿ ಕಾಯುತ್ತದೆ. ಯಾಕೆಂದು ತಿಳಿಯದು. ಬಂದರೂ ಈಗ ಹೊತ್ತಿಕೊಳ್ಳಲು ನನ್ನಲ್ಲಿ ಬೆಂಕಿಯಿಲ್ಲ.