ಮಳೆಯಿಲ್ಲದೆ ಏರಿದ ಬಾವಿ

"ಎಂತದೇ ಕಮಲಿ, ಗಂಜಿಗೆ ಎರಡು ಸಲ ಉಪ್ಪು ಹಾಕಿದ್ಯಾ?" ಅತ್ತೆ ತಿಮ್ಮಕ್ಕ ಬಟ್ಟಲು ಸರಿಸಿದರು.

ಕಮಲಿ ಹಾಕಿದ್ದು ಒಂದೇ ಸಲ. ದಿನವಿಡೀ ಮೀನಿಗೆ ಉಪ್ಪು ಹಚ್ಚಿ ಒಣಗಿಸುವ ಕೈ ತನ್ನದು, ಅದರಿಂದಲೇ ನೀರಿನ ಕೊಡಕ್ಕೆ ಉಪ್ಪು ಹತ್ತಿರಬೇಕು ಎಂದುಕೊಂಡು ವಾರದಿಂದ ಮೊಣಕೈವರೆಗೂ ಸೋಪು ಹಾಕಿ ತಿಕ್ಕುತ್ತಿದ್ದಳು. ಗಂಜಿ ಮಾತ್ರ ಹಾಗೆಯೇ.

ಹೊನ್ನಾವರ ತಾಲೂಕಿನ ಕಡಲಂಚಿನ ಆ ಕೇರಿಯಲ್ಲಿ ನಾಲ್ಕು ಮನೆಗೆ ಒಂದೇ ಬಾವಿ, ಅದಕ್ಕೊಂದು ಪಂಪು. ಕಳೆದ ವರ್ಷ ಮಳೆ ಕಡಿಮೆ. ಈ ವರ್ಷ ಮೇ ತಿಂಗಳಾದರೂ ಹನಿಯಿಲ್ಲ. ಪಂಚಾಯ್ತಿಯಲ್ಲಿ ತರಬೇತಿ ಪಡೆದಿದ್ದ ಸ್ವಸಹಾಯ ಸಂಘದ ಸುಷ್ಮಾ ಹೇಳಿಕೊಟ್ಟಂತೆ, ಕಮಲಿ ಪ್ರತಿ ಭಾನುವಾರ ಗಂಟು ಹಾಕಿದ ಹಗ್ಗ ಇಳಿಬಿಟ್ಟು ನೀರಿನ ಮಟ್ಟವನ್ನು ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದಳು. ಮೂರು ವಾರ ನೀರು ಇಳಿಯಿತು. ಈ ವಾರ ಗೇಣುದ್ದ ಏರಿತ್ತು! ಹಗ್ಗ ತಪ್ಪೋ, ತಾನೇ ತಪ್ಪೋ, ಅವಳಿಗೆ ತಲೆಬುಡ ತಿಳಿಯಲಿಲ್ಲ.

ಗಂಡ ಈರನಿಗೆ ಅನುಮಾನವೇ ಇರಲಿಲ್ಲ. "ಒರತೆ ಜೋರಾಗಿದೆ ಅಂತಾತು. ಇನ್ನೆರಡು ಕೋಲು ಆಳ ತೋಡಿದ್ರೆ ಉಕ್ತದೆ. ಬಾವಿ ತೋಡೂ ದಾಸನಿಗೆ ನಾಳೆ ಬಾ ಅಂದೆ."

ಸಂಜೆ ಸುಷ್ಮಾ ಬಂದಾಗ ಕಮಲಿ ಕ್ಯಾಲೆಂಡರ್ ಮುಂದಿಟ್ಟಳು.

"ಯಾವ ಹೊತ್ತಿಗೆ ಅಳೆದೆ ಕಮಲಕ್ಕಾ?"

"ಈ ವಾರ ಮೀನು ಮಾರಿ ಬಂದ ಮೇಲೆ."

"ಆಗ ಸಮುದ್ರ ಭರತವೋ, ಇಳಿತವೋ?"

"ಭರತ," ಎಂದ ಈರ. "ಎಂತಕ್ಕೆ? ನಿಮ್ಮ ಸಂಘಕ್ಕೆ ಈಗ ಸಮುದ್ರವೂ ಸೇರಿತಾ?"

ಸುಷ್ಮಾ ನಕ್ಕಳು. "ಅದು ಎಲ್ಲರಿಗಿಂತ ಮೊದಲೇ ಸೇರಿದೆ, ಈರಣ್ಣ. ಮರಳಿನಡಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲ್ತದೆ. ಭರತ ಬಂದು ಸಮುದ್ರ ಏರಿದಾಗ ಉಪ್ಪುನೀರು ಅದನ್ನ ಮೇಲಕ್ಕೆ ನೂಕ್ತದೆ. ಬಾವಿ ಏರಿದ್ದು ಹಾಗೆ, ನೀರು ಹೆಚ್ಚಾಗಿ ಅಲ್ಲ. ಪಂಪು ಹಾಕಿ ಸಿಹಿ ಎಳೆದಷ್ಟೂ ಉಪ್ಪು ಹತ್ತಿರ ಬರ್ತದೆ."

"ಏರಿದ ನೀರೂ ಹೆಚ್ಚಾದ ನೀರಲ್ವಾ?" ಕಮಲಿಗೆ ಇನ್ನೂ ಗೊಂದಲ.

"ಸಿಹಿ ಇದ್ದಷ್ಟೇ ಇದೆ, ಅಡಿಯ ಉಪ್ಪು ಅದನ್ನ ಎತ್ತಿ ಹಿಡಿದಿದೆ ಅಷ್ಟೇ," ಎಂದಳು ಸುಷ್ಮಾ.

"ಬಾಯಲ್ಲಿ ಹೇಳಿದ್ರೆ ಆತಾ? ತೋರಿಸು," ಎಂದ ಈರ.

ಸುಷ್ಮಾ ಖಾಲಿ ಬಾಟಲಿಗೆ, ಮುಳುಗಲೆಂದು, ಬಲೆಯ ಸೀಸದ ಗುಂಡು ಕಟ್ಟಿಸಿದಳು. ಬಿರಡೆಗೆ ಬೇರೆ ದಾರ. ಈರನೇ ಬಾಟಲಿಯನ್ನು ಬಾವಿಯ ತಳ ಮುಟ್ಟಿಸಿ, ಬಿರಡೆ ಎಳೆದು ತಳದ ನೀರು ತುಂಬಿಸಿದ. ಮೇಲೆತ್ತಿ ಒಂದು ಗುಟುಕು ಬಾಯಿಗೆ ಹಾಕಿದವನು ಥೂ ಎಂದು ಉಗಿದ.

"ಇದು ಕಡಲೇ!"

"ಗಂಜಿಲಿ ಇದ್ದದ್ದೂ ಇದೇ ಉಪ್ಪು! ಹಂಗಾದ್ರೆ ನಾಳೆ ದಾಸಣ್ಣ ತೋಡೋದು ಇದಕ್ಕೇನಾ?" ಎಂದಳು ಕಮಲಿ.

ಈರ ಫೋನ್ ತೆಗೆದು, "ದಾಸಾ, ಬರೂದು ಬೇಡ ಮಾರಾಯಾ," ಎಂದ.

ಆವತ್ತೇ ನಾಲ್ಕೂ ಮನೆಯವರು ಸೇರಿ ಪಂಪು ನಿಲ್ಲಿಸಿದರು. ಬಾವಿ ನೀರು ಕೊಡದಲ್ಲಿ ಸೇದಿ ಕುಡಿಯಲು, ಅಡುಗೆಗೆ ಮಾತ್ರ. ಪಾತ್ರೆ ತೊಳೆದ ನೀರು ತೆಂಗಿನ ಬುಡಕ್ಕೆ.

"ಮಳೆ ಬರೂ ತನಕ ಸಾಕಾಗ್ತದನಾ?" ಕಮಲಿ ಕೇಳಿದಳು.

"ಗೊತ್ತಿಲ್ಲ ಕಮಲಕ್ಕಾ. ಗೊತ್ತಾಗ್ಲಿಕ್ಕೇ ಅಳೆಯೋದು."

ಕಡಲಂಚಿನಲ್ಲಿ ಬಾವಿ ಇರುವ ಅಕ್ಕಂದಿರೇ, ಅಣ್ಣಂದಿರೇ, ವಾರಕ್ಕೊಮ್ಮೆ, ಸಮುದ್ರ ಇಳಿತದಲ್ಲಿರುವಾಗ, ಪಂಪು ಹಾಕುವ ಮೊದಲು ನಿಮ್ಮ ಬಾವಿ ಅಳೆಯಿರಿ. ಮಟ್ಟದ ಜೊತೆ ರುಚಿಯನ್ನೂ ಬರೆದಿಡಿ. ನೀರು ಉಪ್ಪಾಗತೊಡಗಿದರೆ ಸೇದುವುದನ್ನು ತಗ್ಗಿಸಿ, ಪಂಚಾಯ್ತಿಗೆ ತಿಳಿಸಿ. ಗುದ್ದಲಿ ಎತ್ತುವ ಮುನ್ನ ತಳದ ನೀರನ್ನು ಒಮ್ಮೆ ನಾಲಿಗೆಗೆ ಮುಟ್ಟಿಸಿ ನೋಡಿ. ಒಳಗೆ ಬಂದ ಕಡಲನ್ನು ಹೊರಗೆ ಕಳಿಸುವುದು ಒಂದು ಮಳೆಗಾಲದ ಕೆಲಸವಲ್ಲ.