ತುಂಬಿದ ಬಂಡಿ, ಖಾಲಿ ಲಾರಿ

ಯಾದಗಿರಿ, ಶಹಾಪುರ, ಸುರಪುರಗಳು ಮೈಸೂರು ರಾಜ್ಯಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಕಚೇರಿಗಳ ಮೇಲೆ ಉರ್ದು ಬೋರ್ಡು ಇಳಿದು ಕನ್ನಡ ಬೋರ್ಡು ಏರುತ್ತಿದ್ದ ಆ ದಿನಗಳಲ್ಲಿ, ಶಾಲೆಯ ಹೊಸ್ತಿಲನ್ನೇ ತುಳಿಯದ ಗೋಗಿಯ ಭಾಗಣ್ಣನಿಗೆ ನಲವತ್ತೆರಡನೆಯ ವಯಸ್ಸಿಗೆ ಪರೀಕ್ಷೆ ಬಂದು ವಕ್ಕರಿಸಿತು.

ಇಪ್ಪತ್ತು ವರ್ಷ ಅವನು ಶಹಾಪುರದ ಸಾಹುಕಾರ ಮಹಾದೇವಪ್ಪನವರ ಹತ್ತಿಯನ್ನು ಬಂಡಿಯಲ್ಲಿ ಹೇರಿ ಯಾದಗಿರಿ ಸ್ಟೇಷನ್ನಿಗೆ ಮುಟ್ಟಿಸಿದವನು. ಈಗ ಸಾಹುಕಾರರು ಲಾರಿ ತಂದಿದ್ದರು. "ಲೈಸೆನ್ಸ್ ತಂದಿ ಅಂದ್ರ ಲಾರಿ ನಿನ್ನ ಕೈಯಾಗ. ಇಲ್ಲಾಂದ್ರ ರಾಯಚೂರಿನಿಂದ ಡ್ರೈವರನ್ನ ಕರಸ್ತೀನಿ," ಎಂದಿದ್ದರು. ಬಂಡಿಯ ಕೆಲಸ ಹೇಗೂ ಮುಗಿದಿತ್ತು. ಲಾರಿ ನಡೆಸುವುದು ಆಗಲೇ ಕೈಗೆ ಬಂದಿತ್ತು, ಉಳಿದದ್ದು ಕಾಯಿದೆಯ ಬಾಯಿಪರೀಕ್ಷೆ. ಪಾಸಾಗದಿದ್ದರೆ ಭಾಗಣ್ಣನ ಕೈ ಖಾಲಿ.

ಪಕ್ಕದ ಮನೆಯ ಖುರ್ಷೀದಬೇಗಂ ನೆರವಿಗೆ ಬಂದಳು. ತೀರಿಕೊಂಡ ಅವಳ ಗಂಡ ಅಮೀನುದ್ದೀನ ನಿಜಾಮರ ಕಾಲದ ಬಸ್ ಡ್ರೈವರು. ಹತ್ತಿರದ ಅಕ್ಷರ ಅವನ ಕಣ್ಣಿಗೆ ಮಂಜಾಗುತ್ತಿದ್ದುದರಿಂದ ರಸ್ತೆ ಕಾಯಿದೆಯ ಉರ್ದು ಕಿತಾಬನ್ನು ಇವಳೇ ಓದಿ ಹೇಳುತ್ತಿದ್ದಳು. ಹಾಗಾಗಿ ಒಂದು ದಿನವೂ ಗಾಡಿ ನಡೆಸದ ಆ ಹೆಂಗಸಿಗೆ ಕಾಯಿದೆಯೆಲ್ಲ ಬಾಯಿಪಾಠ.

ದಿನಾ ಸಂಜೆ ಅವಳ ಅಂಗಳದ ಹೊರಸು ಮಂಚವೇ ಲಾರಿ, ಜೋಳದ ಜರಡಿಯೇ ಸ್ಟೇರಿಂಗ್ ಚಕ್ರ. ಹಿಂದೆ ಬೀಸಣಿಗೆ ಹಿಡಿದು ಕೂತ ಖುರ್ಷೀದಬೇಗಂ ಹಿಂದಿನ ಬಸ್ಸು. ಬಲಕ್ಕೆ ತಿರುಗುವುದಾದರೆ ಬಲಗೈ ನೆಟ್ಟಗೆ ಚಾಚಬೇಕು, ಎಡಕ್ಕಾದರೆ ಅದೇ ಕೈಯನ್ನು ಸುತ್ತಿಸಬೇಕು, ನಿಲ್ಲುವುದಾದರೆ ಮೇಲೆತ್ತಬೇಕು. ಕೈ ಮರೆತರೆ ಬೆನ್ನಿಗೆ ಬೀಸಣಿಗೆಯ ಏಟು.

"ನೋಡು, ಹಿಂದಿನ ಬಸ್ ಬಂದು ನಿನಗ ಹಾಯ್ತು. ಹನ್ನೆರಡು ಮಂದಿ ದವಾಖಾನಿಗೆ ಹೋದ್ರು," ಎನ್ನುವಳು.

"ಹಿಂದ ನೀ ಒಬ್ಬಾಕಿನ ಕೂತೀಯಲ್ಲ ಆಪಾ, ಇಷ್ಟು ಮಂದಿ ಹ್ಯಾಂಗ?" ಎಂದು ಇವನು ಆ ಅಕ್ಕನನ್ನು ಕೇಳುವನು.

ವಿದ್ಯೆ ತಲೆಗೇರಿ ಭಾಗಣ್ಣ ಊಟಕ್ಕೆ ಕೂತಾಗಲೂ ಕೈ ಚಾಚತೊಡಗಿದ. "ಚಟ್ನಿ ಬೇಕಂದ್ರ ಬಾಯಿಲೆ ಕೇಳ್ರಿ," ಎಂದು ಹೆಂಡತಿ ಹಣಮಂತಮ್ಮ ರೊಟ್ಟಿ ಬುಟ್ಟಿಯನ್ನೇ ಆಚೆ ಸರಿಸಿದಳು.

ಎಲ್ಲ ಬಂತು, ಒಂದು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. ಒಂದೇ ಗಾಡಿ ಹಿಡಿಸುವ ಸಣ್ಣ ಸೇತುವೆಯ ಮೇಲೆ ಮೊದಲು ಹತ್ತಿದವನದೇ ದಾರಿ ಎಂದು ಕಿತಾಬು. ಬಂಡಿಯವರ ರಿವಾಜೇ ಬೇರೆ. ತುಂಬಿದ ಬಂಡಿ ಎದುರಾದರೆ ಖಾಲಿ ಬಂಡಿಯವನು ಇಳಿದು, ತನ್ನ ಎತ್ತುಗಳನ್ನು ಬಿಚ್ಚಿ, ಬಂಡಿಯನ್ನು ಹಿಂದಕ್ಕೆ ತಳ್ಳಿ ದಾರಿ ಬಿಡಬೇಕು. ಬಿಡದವನ ಜೊತೆ ಸಂತೆಯಲ್ಲಿ ಯಾರೂ ಬೀಡಿ ಹಂಚಿಕೊಳ್ಳುತ್ತಿರಲಿಲ್ಲ.

"ಪರೀಕ್ಷಾ ತಗೊಳ್ಳೊ ಸಾಹೇಬರ ಮುಂದ ನಿನ್ನ ಬಂಡಿ ಪುರಾಣ ತೆಗೀಬ್ಯಾಡ," ಎಂದು ಖುರ್ಷೀದಬೇಗಂ ಮೂರು ಸಲ ಹೇಳಿದಳು. ಮೂರು ಸಲವೂ ಅವನು ತಲೆಯಾಡಿಸಿದ.

ಸೋಮವಾರ ಮೂವರೂ ಬಂಡಿಯಲ್ಲೇ ಯಾದಗಿರಿಗೆ ಬಂದರು. ಹೆಂಗಸರಿಬ್ಬರು ಕಚೇರಿಯ ಮುಂದಿನ ಬೇವಿನ ನೆರಳಲ್ಲಿ ಕೂತರು. ಒಳಗೆ ಹಾಸನದ ಕಡೆಯಿಂದ ಬಂದ ಹೊಸ ಇನ್ಸ್‌ಪೆಕ್ಟರು, ಮೃದು ಮಾತಿನ ಮನುಷ್ಯ. ಪ್ರಶ್ನೆ ಬಂದಂತೆಲ್ಲ ಭಾಗಣ್ಣ ಪಟಪಟ ಉತ್ತರಿಸಿದ, ಕೈ ಚಾಚಿದ, ಸುತ್ತಿಸಿದ, ಎತ್ತಿದ. ಸಾಹೇಬರು ಸಹಿಗೆಂದು ಪೆನ್ನು ಬಿಚ್ಚಿಯೂ ಬಿಟ್ಟರು.

"ಕೊನೆಯದು. ಸಣ್ಣ ಸೇತುವೆ. ನಿಮ್ಮ ಖಾಲಿ ಲಾರಿ ಮೊದಲು ಹತ್ತಿದೆ. ಎದುರಿಗೆ ತುಂಬಿದ ಬಂಡಿ ಬಂತು. ಯಾರು ಹಿಂದೆ ಸರಿಯಬೇಕು?"

"ನಾನ್ರಿ," ಎಂದುಬಿಟ್ಟ.

"ತಪ್ಪು." ಪೆನ್ನಿನ ಮುಚ್ಚಳ ಮತ್ತೆ ಹತ್ತಿತು. "ಕಾಯಿದೆ ಗೊತ್ತಿಲ್ವೇನ್ರೀ?"

ಭಾಗಣ್ಣನ ಕಣ್ಣೆದುರೇ ಲಾರಿ ರಾಯಚೂರಿನವನ ಪಾಲಾಯಿತು. ಕ್ಷಮೆ ಕೇಳಿ ಉತ್ತರ ತಿದ್ದಿಕೊಳ್ಳಬಹುದಿತ್ತು. ಅದಕ್ಕೆ ಅವನ ನಾಲಿಗೆ ಒಪ್ಪಲಿಲ್ಲ.

"ಗೊತ್ತದರಿ. ಮೊದಲ ಹತ್ತಿದವಂದ ದಾರಿ. ಕಿತಾಬದಾಗ ಹಂಗ ಅದ."

"ಮತ್ತೆ?"

"ದಾರಿ ನಂದ ಇರಬಹುದ್ರಿ. ಆದ್ರ ಭಾರ ಹೊತ್ತ ಎತ್ತಿಗೆ ಹಿಂದಕ್ಕ ನಡಿಯಾಕ ಬರೂದಿಲ್ರಿ ಸಾಹೇಬ್ರ. ಜಬರದಸ್ತಿ ಮಾಡಿದ್ರ ಕಾಲು ಮುರೀತದ, ಬಂಡಿ ಹಳ್ಳಕ್ಕ ಬೀಳ್ತದ. ಲಾರಿಗೆ ಹಿಂದ ಹೋಗಾಕ ಬರ್ತದಲ್ರಿ. ಬರೂದು ಯಾರಿಗೋ, ಅವರ ಸರೀಬೇಕ್ರಿ."

ಕಿಟಕಿಯಾಚೆ ಸ್ಟೇಷನ್ ರಸ್ತೆಯಲ್ಲಿ ಹತ್ತಿ ಹೇರಿದ ಬಂಡಿಗಳು ಸಾಲುಗಟ್ಟಿ ಹೋಗುತ್ತಿದ್ದವು, ನಡುವೆ ಒಂದು ಲಾರಿ ಹಾರ್ನ್ ಬಾರಿಸುತ್ತಲೇ ಇತ್ತು. ಸಾಹೇಬರು ಅದನ್ನು ನೋಡಿದರು. ಆಮೇಲೆ ಪೆನ್ನು ಮತ್ತೆ ಬಿಚ್ಚಿ ಸಹಿ ಹಾಕಿ, ಮೊಹರು ಒತ್ತಿ, ಕಾಗದವನ್ನು ಇವನ ಕಡೆ ತಳ್ಳಿದರು.

"ಈ ಸೀಮೆಯ ರಸ್ತೆಗೆ ನಿಮ್ಮಂಥವರೇ ಬೇಕು, ಹೋಗಿ ಬನ್ನಿ," ಎಂದರು.

ಭಾಗಣ್ಣ ಬೇವಿನ ಮರದವರೆಗೆ ನಡೆದುಬಂದದ್ದು ಅವನಿಗೇ ತಿಳಿಯಲಿಲ್ಲ. ಹಣಮಂತಮ್ಮ ಅವನ ಮುಖ ನೋಡಿ ಹೆದರಿ ಎದ್ದು ನಿಂತಳು. ಅವನ ಕಣ್ಣು ತುಂಬಿತ್ತು.

"ಯಾವುದು ತಪ್ಪಿದಿ?" ಎಂದಳು ಖುರ್ಷೀದಬೇಗಂ.

ಅವನು ಕಾಗದವನ್ನು ಅವಳ ಕೈಗಿಟ್ಟ. "ನೀ ಕಲಿಸಿದ್ದೆಲ್ಲ ಸರಿ ಹೇಳ್ದೆ ಆಪಾ. ಆದ್ರ ಅವರು ಪಾಸ್ ಮಾಡಿದ್ದು, ನೀ ಹೇಳಬ್ಯಾಡ ಅಂದಿದ್ದಕ್ಕ."