ಕೊನೆಯ ಸುತ್ತು

ಗೆರೆ ಮತ್ತೆ ಮುರಿದಿತ್ತು. ಅಕ್ಕ ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು, ನೆಲಕ್ಕೆ ಮೊಣಕಾಲೂರಿ, ತಮ್ಮನ ಗಾಳಿ ಸಿಲಿಂಡರುಗಳನ್ನು ಬಿಗಿದಿದ್ದ ಉಕ್ಕಿನ ಪಟ್ಟಿಯನ್ನು ಬೆರಳಿನಿಂದ ಒರೆಸಿ ಇನ್ನೊಮ್ಮೆ ನೋಡಿದಳು. ನಟ್ಟಿನ ತಲೆಯಿಂದ ಪಟ್ಟಿಯ ಮೇಲೆ ಇಳಿಯುವಂತೆ ನಿನ್ನೆ ಸಂಜೆ ಅವಳೇ ಎಳೆದಿದ್ದ ಕೆಂಪು ಗೆರೆ ಈಗ ಎರಡು ತುಂಡಾಗಿತ್ತು. ನಟ್ಟಿನ ಮೇಲಿನ ತುಂಡು ಎಡಕ್ಕೆ ಸರಿದಿತ್ತು. ಎಡಕ್ಕೆ ಸರಿದರೆ ಸಡಿಲ ಎಂದೇ ಅರ್ಥ.

"ನಟ್ಟಲ್ಲ ಅಕ್ಕಾ, ನಿನ್ನ ಸ್ಕ್ರೂ ಲೂಸಾಗಿದೆ," ಎಂದ ತಮ್ಮ, ಒದ್ದೆ ತಲೆ ಒರೆಸಿಕೊಳ್ಳುತ್ತ.

ಅವಳು ನಗಲಿಲ್ಲ. ತಮ್ಮನ ಕೆಲಸ ಬಂದರಿನಲ್ಲಿ. ನಿಂತ ಹಡಗುಗಳ ಹೊಟ್ಟೆಯಡಿಗೆ ಮುಳುಗಿ, ಅಲ್ಲಿ ಅಂಟಿದ ಪಾಚಿ, ಚಿಪ್ಪು ಕೆರೆದು ತೆಗೆಯಬೇಕು. ಉಸಿರಾಡುವ ಗಾಳಿಯನ್ನೆಲ್ಲ ಬೆನ್ನ ಮೇಲೆ ಹೊತ್ತುಕೊಂಡೇ ಇಳಿಯಬೇಕು. ಆ ಬೆನ್ನಿನ ಹೊರೆಯ ಒಂದೊಂದು ನಟ್ಟು, ಒಂದೊಂದು ಕೊಂಡಿ ಅಕ್ಕನ ಜವಾಬ್ದಾರಿ. ಹಗಲೆಲ್ಲ ದೋಣಿ ಎಂಜಿನುಗಳ ರಿಪೇರಿ ಅಂಗಡಿಯಲ್ಲಿ ದುಡಿದು, ಸಂಜೆ ಮನೆಯ ಹಿಂದಿನ ಶೆಡ್ಡಿನಲ್ಲಿ ಅವನ ಸಾಮಾನಿನ ಮುಂದೆ ಕೂರುತ್ತಿದ್ದಳು. ಬಂದರಿನವರು ಹಿಂದಿನಿಂದ ಅವಳನ್ನು ನಟ್ಟಕ್ಕ ಎನ್ನುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು, ಒಳಗೊಳಗೆ ಹೆಮ್ಮೆಯೂ ಇತ್ತು.

ಅವಳ ಕ್ರಮ ಸರಳವಾದದ್ದು. ನಟ್ಟಿನ ಒಳಸುತ್ತಿಗೆ ಒಂದು ಹನಿ ನೀಲಿ ಅಂಟು ಬಿಟ್ಟು, ಬೇಕಾದಷ್ಟೇ ಬಿಗಿದು, ಒಣಗಲು ಬಿಡುವುದು. ಆಮೇಲೆ ಉಗುರುಬಣ್ಣದಿಂದ ಒಂದು ಗೆರೆ. ಉಗುರಿಗೆ ಎಂದೂ ತಾಗದ ಆ ಬಣ್ಣದ ಶೀಶೆ ಸ್ಪ್ಯಾನರುಗಳ ನಡುವೆ ಹೊಸ ಸೊಸೆಯ ಹಾಗೆ ಕೂತಿತ್ತು. ಅಂಟು ಒಣಗಿತೆಂದರೆ ಎಂಜಿನು ಎಷ್ಟೇ ನಡುಗಿಸಲಿ, ಅಲೆ ಎಷ್ಟೇ ಕುಲುಕಲಿ, ನಟ್ಟು ಕದಲುವುದಿಲ್ಲ. ಆದರೆ ಒಣಗಿದ ಮೇಲೆ ಅದನ್ನು ಮುಟ್ಟಬಾರದು. ಎಳ್ಳಷ್ಟು ತಿರುಗಿಸಿದರೂ ಅಂಟಿನ ಹಿಡಿತ ಬಿಟ್ಟುಹೋಗುತ್ತದೆ. ಮುರಿದ ಹಪ್ಪಳವನ್ನು ಮತ್ತೆ ಒತ್ತಿ ಕೂಡಿಸಲಾದೀತೆ?

ಹಾಗಿದ್ದೂ ಈ ಕೆಳಪಟ್ಟಿಯ ನಟ್ಟು ಕೆಲವು ವಾರಗಳಿಂದ ಮತ್ತೆ ಮತ್ತೆ ಸಡಿಲವಾಗುತ್ತಿತ್ತು. ಅಂಟು ಹಳತಾಗಿರಬೇಕೆಂದು ಹೊಸ ಶೀಶೆ ತಂದಳು. ನಟ್ಟು ಬದಲಿಸಿದಳು. ಕೊನೆಗೆ ತಲೆಯಲ್ಲಿ ಹುಳ ಹೊಕ್ಕಂತಾಗಿ, ದೋಣಿಯವನೇ ಕೈಯಾಡಿಸುತ್ತಿದ್ದಾನೆಂದು ಅನುಮಾನಪಟ್ಟು ಅವನ ಮುಖಕ್ಕೇ ಕೇಳಿಬಿಟ್ಟಳು. ತಮ್ಮನನ್ನು ದಿನವೂ ಕರೆದೊಯ್ದು, ನೀರಿಗಿಳಿಸಿ, ಸೊಂಟದ ಹಗ್ಗ ಹಿಡಿದು ಕಾಯುವವನು ಅವನು. ಅವನು ಅವಳನ್ನೇ ದಿಟ್ಟಿಸಿ ನೋಡಿ ಹೊರಟುಹೋದ. ಅಂದಿನಿಂದ ಅವಳ ಫೋನು ಎತ್ತುವುದನ್ನೇ ಬಿಟ್ಟ. ತಮ್ಮನೋ, ಕೆಲಸಕ್ಕೆ ಫೋನು ಒಯ್ಯುತ್ತಿದ್ದವನೇ ಅಲ್ಲ. ಎರಡು ಫೋನು ಸಮುದ್ರಕ್ಕೆ ಅರ್ಪಿಸಿದ್ದು ಸಾಕು ಎನ್ನುತ್ತಿದ್ದ.

ಶೆಡ್ಡಿನ ಬಾಗಿಲಲ್ಲಿ ಅಮ್ಮ ಬಂದು ನಿಂತಿದ್ದಳು. ಈಚೆಗೆ ದಿನವೂ ಸಂಜೆ ಬಂದು ನಿಲ್ಲುತ್ತಿದ್ದಳು.

"ಸಡಿಲ ಆಗಿತ್ತಾ?"

"ಆಗಿತ್ತು," ಎಂದಳು ಅಕ್ಕ.

ಅಮ್ಮನ ಮುಖ ಇಳಿದುಹೋಯಿತು. ಏನೋ ನಿಶ್ಚಯಿಸಿದವಳಂತೆ ತಲೆಯಾಡಿಸಿ ಒಳಗೆ ಹೋದಳು.

ಅದೇ ವಾರ ಒಂದು ಮಧ್ಯಾಹ್ನ ದೋಣಿಯವನು ತಮ್ಮನನ್ನು ಹೆಗಲಿಗೆ ಆನಿಸಿಕೊಂಡು ಮನೆಗೆ ತಂದ. ಸುದ್ದಿ ಕೇಳಿ ಅಕ್ಕ ಅಂಗಡಿಯಿಂದ ಓಡಿ ಬಂದಾಗ ತಮ್ಮ ಗೋಡೆಗೊರಗಿ ಕೂತಿದ್ದ. ತುಟಿ ಸೀಳಿತ್ತು. ಹಡಗಿನಡಿಯಲ್ಲಿ ಕೆಳಪಟ್ಟಿ ಕಳಚಿಕೊಂಡು, ಸಿಲಿಂಡರುಗಳು ವಾಲಿ, ಬಾಯಲ್ಲಿದ್ದ ಗಾಳಿಯ ಕೊಳವೆಯನ್ನು ಕಿತ್ತುಕೊಂಡು ಹೋಗಿದ್ದವಂತೆ. ತಲೆಯ ಮೇಲೆ ಹಡಗು, ಸುತ್ತ ಕತ್ತಲೆ. ಸೊಂಟದ ಹಗ್ಗ ಸಿಕ್ಕಾಪಟ್ಟೆ ಜಗ್ಗಿದ್ದನ್ನು ಕಂಡು ದೋಣಿಯವನು ಎಳೆದು ತೆಗೆದಿದ್ದ. ಅಷ್ಟನ್ನು ಅಮ್ಮನಿಗೆ ಹೇಳಿ, ಅಕ್ಕನ ಕಡೆ ತಿರುಗಿಯೂ ನೋಡದೆ ಅವನು ಮೆಟ್ಟಿಲಿಳಿದ. ಅವಳಿಗೆ ನಾಚಿಕೆಯಿಂದ ಭೂಮಿ ಬಾಯ್ಬಿಡಬಾರದೆ ಅನ್ನಿಸಿತು.

ತಮ್ಮ ಮಲಗಿದ ಮೇಲೆ ಅಡುಗೆಮನೆಯಲ್ಲಿ ಅಮ್ಮ ಅವಳನ್ನು ಪಕ್ಕಕ್ಕೆ ಕರೆದಳು. ಕಣ್ಣು ಒದ್ದೆಯಾಗಿದ್ದರೂ ಮುಖದಲ್ಲಿ ಒಂದು ಬೆಳಕಿತ್ತು.

"ಒಂದು ಮಾತು ಹೇಳ್ತೀನಿ, ನಗಬೇಡ. ಬೆಳಿಗ್ಗೆ ಅವನು ಮುಖ ತೊಳಿಯೋ ಹೊತ್ತಲ್ಲಿ ನಾನು ಶೆಡ್ಡಿಗೆ ಹೋಗಿ ಆ ನಟ್ಟಿಗೆ ಚೂರು ಬಿಗಿ ಕೊಡ್ತೀನಿ. ನಿಮ್ಮಪ್ಪಂಗೂ ಕೊಡ್ತಿದ್ದೆ. ಕೊನೇ ಸುತ್ತು ನಿನ್ ಕೈದೇ ಆಗ್ಬೇಕು ಕಣೆ ಅಂತಿದ್ರು."

ಅಪ್ಪನೂ ಮುಳುಗುವ ಕೆಲಸದವನೇ. ಮಕ್ಕಳು ಚಿಕ್ಕವರಿದ್ದಾಗ ಒಂದು ದಿನ ನೀರಿಗಿಳಿದವನು ಮೇಲೆ ಬಂದಿರಲಿಲ್ಲ.

"ಆವತ್ತು ಜಗಳ ಆಗಿತ್ತು," ಎಂದಳು ಅಮ್ಮ. "ನಾನು ಮುಸುಕೆಳ್ಕೊಂಡು ಬಿದ್ದಿದ್ದೆ, ಏಳಲಿಲ್ಲ. ಅವರು ಹಾಗೇ ಹೋದ್ರು. ಇವನ ನಟ್ಟು ಸಡಿಲ ಆಗ್ತಿದೆ ಅಂತ ಕೇಳಿದಾಗಿಂದ ನಾನು ಒಂದಿನಾನೂ ತಪ್ಪಿಸಿಲ್ಲ. ಇವತ್ತೂ ಕೊಟ್ಟಿದ್ದೆ. ಅದಕ್ಕೇ ಮಗ ವಾಪಸ್ ಬಂದ, ಅಲ್ವಾ?"

ಅಕ್ಕನಿಗೆ ಎಲ್ಲ ಒಮ್ಮೆಗೇ ಹೊಳೆಯಿತು. ಮೊದಲ ಸಲ ಸಡಿಲವಾದದ್ದು ಯಾಕೋ, ಹಳೆಯ ಅಂಟೇ ಇದ್ದೀತು. ಆಮೇಲಿನದೆಲ್ಲ ಅಮ್ಮನ ಕೈಯಿಂದ ಆದದ್ದು. ಅಪ್ಪನ ಕಾಲದಲ್ಲಿ ಅಂಟು ಇರಲಿಲ್ಲ, ಬರೀ ನಟ್ಟು. ಆಗ ಆ ಕೊನೆಯ ಸುತ್ತಿಗೆ ಬೆಲೆಯಿತ್ತು. ಈಗ ಅದೇ ಸುತ್ತು ಒಣಗಿದ ಅಂಟನ್ನು ಮುರಿಯುತ್ತಿತ್ತು. ಉಳಿದದ್ದನ್ನು ದೋಣಿಯ ನಡುಕ ಮಾಡಿ ಮುಗಿಸುತ್ತಿತ್ತು. ಸಂಜೆ ಬಂದು ಸಡಿಲವಾಗಿತ್ತಾ ಎಂದು ಕೇಳಿದಾಗಲೆಲ್ಲ ಆಗಿತ್ತು ಎಂದವಳು ತಾನೇ. ಅದನ್ನು ಕೇಳಿ ಅಮ್ಮ ಮರುದಿನ ಇನ್ನಷ್ಟು ಬಲ ಹಾಕಿದ್ದಳು.

ಅಂಟಿನ ವಿಷಯ ಅವಳ ನಾಲಿಗೆಯ ತುದಿಗೆ ಬಂತು. ತಿರುಗಿಸದೆ ಗಂಡನನ್ನು ಕಳೆದುಕೊಂಡೆ ಎಂದು ಇಷ್ಟು ವರ್ಷ ಒಳಗೇ ಬೆಂದವಳಿಗೆ, ತಿರುಗಿಸಿ ಮಗನನ್ನು ಕಳೆದುಕೊಳ್ಳುತ್ತಿದ್ದೆ ಎಂದು ಹೇಗೆ ಹೇಳುವುದು? ಅಮ್ಮ ಅವಳ ಮುಖವನ್ನೇ ನೋಡುತ್ತಿದ್ದಳು, ಪರೀಕ್ಷೆಯ ಫಲಿತಾಂಶ ಕೇಳಲು ನಿಂತ ಮಗುವಿನ ಹಾಗೆ. ಅಕ್ಕನಿಗೆ ಧೈರ್ಯ ಸಾಲಲಿಲ್ಲ.

"ಹೂಂ, ಅಮ್ಮ," ಎಂದಳು. "ಆದ್ರೆ ಇನ್ನು ಬೇಡ. ಹೊಸ ನಟ್ಟು ಹಾಕ್ತೀನಿ, ಅದಕ್ಕೆ ಬಿಗಿ ಬೇಕಾಗಲ್ಲ. ಮುಟ್ಟಬೇಡ."

ಅಮ್ಮ ಆಗಲಿ ಎಂದಳು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ಅಕ್ಕ ಸಮಾಧಾನಪಟ್ಟುಕೊಂಡಳು. ಹಾವು ಸಾಯದಿದ್ದರೆ ಅದು ಮನೆಯಲ್ಲೇ ಇರುತ್ತದೆ ಎಂಬುದು ಅವಳಿಗೆ ಆಗ ತೋಚಲಿಲ್ಲ.

ತುಟಿಯ ಗಾಯ ಮಾಯುವವರೆಗೆ ತಮ್ಮ ಮನೆಯಲ್ಲುಳಿದ. ಅಕ್ಕ ಹೊಸ ಪಟ್ಟಿ, ಹೊಸ ನಟ್ಟು ತಂದು ಕೂಡಿಸಿದಳು. ಅಂಟು ಒಣಗಿದ ಮೇಲೆ, ಮಗುವಿನ ಕಣ್ಣಿಗೆ ಕಾಡಿಗೆ ತೀಡುವಷ್ಟು ಜೋಪಾನವಾಗಿ ಗೆರೆ ಎಳೆದಳು. ಅವನು ಕೆಲಸಕ್ಕೆ ಹೊರಡುವ ಹಿಂದಿನ ಸಂಜೆ ಶೆಡ್ಡಿನ ಸ್ಪ್ಯಾನರುಗಳನ್ನೆಲ್ಲ ಒಯ್ದು ತನ್ನ ಟ್ರಂಕಿನಲ್ಲಿ ಸೀರೆಗಳ ಅಡಿಗೆ ಬಚ್ಚಿಟ್ಟಳು. ಅಮ್ಮ ಒಮ್ಮೆ ಶೆಡ್ಡಿಗೆ ಹೋಗಿ ಬಂದದ್ದು ಅವಳ ಕಣ್ಣಿಗೆ ಬಿತ್ತು. ಬಂದವಳು ನೇರ ಅಡುಗೆಮನೆ ಸೇರಿದಳು.

ಬಹಳ ದಿನಗಳ ಮೇಲೆ ಆ ರಾತ್ರಿ ಅಕ್ಕನಿಗೆ ಗಾಢ ನಿದ್ದೆ ಬಂತು. ಎದ್ದಾಗ ಬೆಳಕು ಹರಿದಿತ್ತು, ತಮ್ಮ ಹೊರಟಾಗಿತ್ತು. ಅವನ ಫೋನು ಎಂದಿನಂತೆ ಕಿಟಕಿಯಲ್ಲಿತ್ತು. ಅಕ್ಕ ಬರಿಗಾಲಲ್ಲೇ ಶೆಡ್ಡಿಗೆ ಹೋದಳು. ಸಿಲಿಂಡರುಗಳನ್ನು ನಿಲ್ಲಿಸುವ ಜಾಗ ಖಾಲಿಯಾಗಿತ್ತು. ಅಲ್ಲಿ ಸಿಮೆಂಟಿನ ಮೇಲೆ ಏನೋ ಚೂರು ಬಿದ್ದಿತ್ತು. ಬೆರಳಿಗೆ ಅಂಟಿಸಿಕೊಂಡು ನೋಡಿದಳು. ಒಣಗಿದ ಅಂಟಿನ ನೀಲಿ ಹುಡಿ, ಗಸಗಸೆಯಷ್ಟು ಸಣ್ಣದು.

ಅಡುಗೆಮನೆಗೆ ಬರುವಷ್ಟರಲ್ಲಿ ದೋಣಿಯವನಿಗೆ ಫೋನು ಹಚ್ಚಿದ್ದಳು. ಗಂಟೆ ಹೊಡೆಯುತ್ತಲೇ ಇತ್ತು. ದೂರದಲ್ಲಿ, ಬಂದರಿನ ಗೋಡೆಯಾಚೆ, ಒಂದು ಎಂಜಿನಿನ ಸದ್ದು ಸಣ್ಣದಾಗುತ್ತ ಹೋಯಿತು.

"ಎದ್ಯಾ? ಇವತ್ತೇನೂ ಆಗಲ್ಲ ಬಿಡು, ಕೂತ್ಕೋ," ಎಂದಳು ಅಮ್ಮ. ಎಷ್ಟೋ ದಿನಗಳ ಮೇಲೆ ಅವಳ ಮುಖ ನೆಮ್ಮದಿಯಿಂದ ಹೊಳೆಯುತ್ತಿತ್ತು. ಒಲೆಯ ಮೇಲಿನ ಚಹಾದ ಪಾತ್ರೆಯನ್ನು ಇಕ್ಕಳದಿಂದ ಹಿಡಿದೆತ್ತಿ, ಒಂದು ಹನಿಯೂ ಚೆಲ್ಲದಂತೆ ಎರಡು ಲೋಟಗಳಿಗೆ ಬಗ್ಗಿಸಿದಳು. ಇಕ್ಕಳದ ಬಾಯಿಯ ಒಳಬದಿಯಲ್ಲಿ, ಉಗುರಿನ ತುದಿಯಷ್ಟು ಕೆಂಪು ಬಣ್ಣ ಅಂಟಿಕೊಂಡಿತ್ತು.